ಕಾಗದದಲ್ಲಿ ಮುಳುಗಿದ ದೋಣಿಗಳು

ಮೇ 24

ಮುಳ್ಳಿಗೆ ಮಾವನ ಆಶೀರ್ವಾದ.

ನಾನು ಬದುಕಿದೀನಿ. ಇದರಿಂದ ನಿನಗೆ ಬೇಜಾರಾಗಿದ್ರೆ ನಿನ್ನ ಅತ್ತೆ ಹತ್ರ ಹೇಳ್ಕೋ, ಅವಳದ್ದೂ ಅದೇ ಗೋಳು. ಫೋನಿನ ಟವರ್ ಉದ್ದಕ್ಕೆ ಮಲಗಿ ನಮಸ್ಕಾರ ಹಾಕಿದೆ, ಅದಕ್ಕೇ ಕಾಗದ. ಟವರ್ ನಿಂತಿದ್ದಾಗಲೂ ನೀನು "ಮಾವ, ಮೀಟಿಂಗಲ್ಲಿದೀನಿ" ಅಂತ ಪಿಸುಗುಟ್ಟಿ ಇಡ್ತಿದ್ದೆ. ಕಾಗದಕ್ಕೆ ಹಾಗೆ ಹೇಳೋಕಾಗಲ್ಲ. ಅದು ಮೊಂಡು ನೆಂಟನ ಥರ ಮೇಜಿನ ಮೇಲೆ ಕೂತೇ ಇರುತ್ತೆ.

ಚಂಡಮಾರುತ ಬಂತು, ಹೋಯ್ತು. ನನ್ನ ದೋಣಿ ರಿಪೇರಿ ಶೆಡ್ಡಿನ ಚಾವಣಿ ಹಾರಿಹೋಗಿ ಇಂಜಿನ್ ಮೇಸ್ತ್ರಿಯ ಅಂಗಳದಲ್ಲಿ ಕೂತಿದೆ. ಇಟ್ಕೊಂಡಿದ್ದಕ್ಕೆ ಬಾಡಿಗೆ ಕೊಡು ಅಂತಾನೆ, ನಾನು ನಿನ್ನ ಅಂಗಳಕ್ಕೆ ನೆರಳು ಕೊಟ್ಟಿದ್ದಕ್ಕೆ ನೀನೇ ಕೊಡು ಅಂದೆ. ಮಾತುಕತೆ ಜಾರಿಯಲ್ಲಿದೆ. ಬಾವಿಗಳಿಗೆಲ್ಲ ಉಪ್ಪು ನುಗ್ಗಿದೆ. ಅರ್ಧ ಊರಿನ ತಲೆ ಮೇಲೆ ಸೂರಿಲ್ಲ.

ಆದ್ರೆ ಒಂದು ದೋಣಿಯೂ ಹೋಗಿಲ್ಲ ಮುಳ್ಳಿ. ಒಂದೂ ಇಲ್ಲ. ಗಾಳಿ ಏಳುತ್ತೆ ಅನ್ನೋ ಸುದ್ದಿ ಬಂದ ದಿನವೇ ಎಲ್ಲವನ್ನೂ ಅಳಿವೆಯಿಂದ ಒಳಗೆ, ಹಿನ್ನೀರಲ್ಲೇ ಬೇರುಬಿಟ್ಟು ನಿಂತ ಕಾಡೊಳಗೆ ನುಗ್ಗಿಸಿ ಕೂಡುಗಂಟು ಹಾಕಿದ್ವಿ. ಪಟ್ಟಣದ ನೀರು ಕುಡಿದವಳು, ಮರೆತಿರ್ತೀಯ, ನೆನಪಿಸ್ತೀನಿ. ನಮ್ಮ ದೋಣಿಯನ್ನ ಮರಕ್ಕೆ ಕಟ್ಟೋರು ನಾವಲ್ಲ, ಪಕ್ಕದ ಮನೆಯವರು. ಅವರದ್ದನ್ನ ಅವರ ಪಕ್ಕದವರು. ಕಟ್ಟಿದ ಕೈಯೇ ಬಿಚ್ಚಬೇಕು. ಹಾಗಾಗಿ ಗಾಳಿ ಜೋರಾದಾಗ ತನ್ನದೊಂದನ್ನೇ ಬಿಚ್ಕೊಂಡು ಓಡ್ತೀನಿ ಅನ್ನೋ ಜಾಣನಿಗೆ ನಮ್ಮಲ್ಲಿ ಕೆಲಸ ಇಲ್ಲ. ನನ್ನ ದೋಣಿಯ ಗಂಟು ಪಕ್ಕದ ನಿಮ್ಮ ಮನೆಯದ್ದು. ನಿನ್ನಮ್ಮ ಹೋದ್ಮೇಲೆ ನಿಮ್ಮ ಮನೆ ಪರವಾಗಿ ನಿನ್ನ ಅತ್ತೆ ಹಾಕ್ತಾಳೆ. ನನ್ನನ್ನೇ ಕಟ್ಟಿಹಾಕಿದ ಕೈ, ದೋಣಿ ಯಾವ ಲೆಕ್ಕ.

ನಿನ್ನೆ ನಾಲ್ಕು ರೆಕ್ಕೆಯ ಯಾಂತ್ರಿಕ ಹದ್ದೊಂದು ಕಾಡಿನ ಮೇಲೆ ಸುತ್ತಿ ಫೋಟೋ ಹೊಡೀತು. ನಾನು ಇಲ್ಲದ ಕ್ರಾಪು ತೀಡಿಕೊಂಡು ನಿಂತೆ. ಎಲೆಯೆಲ್ಲ ಉದುರಿದೆ, ಕೊಂಬೆ ಮುರಿದಿದೆ, ದೋಣಿಗಳು ಒಂದರ ಹೆಗಲ ಮೇಲೊಂದು ಒರಗಿವೆ. ಮೇಲಿಂದ ನೋಡಿದ್ರೆ ಮಕ್ಕಳು ಆಡಿ ಬಿಸಾಕಿದ ಹಾಗೆ ಕಾಣಬೇಕು. ಒಳಗೆ ಎಲ್ಲ ಗಟ್ಟಿ. ಮರಗಳೂ ಅಷ್ಟೆ, ನಿನ್ನ ಮಾವನ ಹಾಗೆ, ಬೋಳಾಗಿವೆ, ಸತ್ತಿಲ್ಲ.

ನೀನು ಕೂತಿರೋದು ಕರಾವಳಿ ವಿಪತ್ತಿನ ಕಚೇರಿಯಲ್ಲಿ ತಾನೆ? ಸೂರಿಗೆ ತಗಡು, ಕುಡಿಯೋಕೆ ನೀರು, ಎರಡೇ ಸಾಕು ಅಂತ ಹೇಳು.

ನಿನ್ನ ಮಾವ

*

ಜೂನ್ 3

ಪ್ರೀತಿಯ ಮಾವನಿಗೆ,

ನಿಮ್ಮ ಕಾಗದ ಓದಿ ಕಚೇರಿಯಲ್ಲಿ ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಮೇಜಿನವರು ಏನಾಯ್ತು ಅಂತ ಕೇಳಿದ್ರು. ಇಲ್ಲಿ ಒಂದು ವಾರದಿಂದ ಯಾರೂ ನಕ್ಕಿರಲಿಲ್ಲ. ನಿಮ್ಮಿಬ್ಬರ ಸುದ್ದಿ ಸಿಗೋವರೆಗೆ ನನಗೆ ಅನ್ನ ಸೇರಿರಲಿಲ್ಲ ಅಂತ ಅತ್ತೆಗೆ ಹೇಳಿ.

ಒಂದು ಒಳ್ಳೆ ಸುದ್ದಿ. ನಮ್ಮ ಕಡೆಯ ಕರಾವಳಿಯ ಪುನಶ್ಚೇತನ ಯೋಜನೆ ಬರೆಯೋಕೆ ನನ್ನನ್ನೇ ಹಾಕಿದಾರೆ. ಈ ಸಲ ನಮ್ಮ ಊರಿಗೆ ಬರೀ ತಗಡಲ್ಲ, ಬಹಳ ಬರುತ್ತೆ. ನೀರಿನ ಪೈಪೂ ಬರುತ್ತೆ. ನನ್ನ ಮೇಲೆ ಬಿಡಿ.

ಒಂದು ಮಾತು ಮಾತ್ರ ನಡೆಸಿಕೊಡಿ. ಸರ್ವೆಯವರು ಬಂದು ದೋಣಿಗಳ ಬಗ್ಗೆ ಕೇಳಿದ್ರೆ ನೀವು ತಮಾಷೆ ಮಾಡಬೇಡಿ. ಕೂಡುಗಂಟಿನ ಕಥೆಯೆಲ್ಲ ಹೇಳೋಕೆ ಹೋಗಬೇಡಿ. ಅವರಿಗೆ ಅರ್ಥ ಆಗಲ್ಲ, ಸುಮ್ನೆ ಗೊಂದಲ. ನೀವು ಸುಮ್ಮನಿದ್ರೆ ಸಾಕು. ನಿಮಗೆ ಅದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ನಿಮ್ಮ ಮುಳ್ಳಿ

*

ಜೂನ್ 21

ಮುಳ್ಳಿಗೆ,

ನಿನ್ನ ಮಾತಿಗೆ ಬೆಲೆ ಕೊಟ್ಟು ಬಾಯಿಗೆ ಬೀಗ ಹಾಕ್ಕೊಂಡೆ. ಸರ್ವೆಯವನು ಬಂದ, ನಾನು ಮೂಕನ ಥರ ಕೂತೆ. ನಿನ್ನ ಅತ್ತೆ ಜ್ವರ ಬಂತಾ ಅಂತ ಹಣೆ ಮುಟ್ಟಿ ನೋಡಿದಳು. ಈಗ ಬೀಗ ಕಿತ್ತು ಬರೀತಿದೀನಿ, ಯಾಕಂದ್ರೆ ಹೊಟ್ಟೆ ಉರೀತಿದೆ.

ಹೋದ ವಾರ ಲಾರಿಗಳಲ್ಲಿ ಬಿಳೀ ಫೈಬರ್ ದೋಣಿ ಬಂದವು, ಜೊತೆಗೆ ಬಲೆ. ಯಾಕ್ರೀ ಅಂದ್ರೆ, ನಿಮ್ಮ ದೋಣಿಗಳೆಲ್ಲ ಚಂಡಮಾರುತಕ್ಕೆ ಸಿಕ್ಕಿ ಕಾಡಿಗೆ ಎಸೆಯಲ್ಪಟ್ಟು ನಾಶವಾಗಿವೆಯಲ್ಲ, ಅದಕ್ಕೆ ಬದಲಿ ಅಂದ್ರು. ನನ್ನ ದೋಣಿ ಸತ್ತ ಸುದ್ದಿ ನನಗೇ ಕೊನೆಗೆ ಗೊತ್ತಾಗಿದ್ದು. ಊರು ಕುಣೀತು. ಬಿಟ್ಟಿ ದೋಣಿಗೆ ಯಾರು ಬೇಡ ಅಂತಾರೆ? ನಾನೂ ಒಂದನ್ನ ಹತ್ತಿ ಕೂತೆ, ಅದು ನನ್ನನ್ನ ಪಲ್ಟಿ ಹೊಡೆಸಿ ನೀರಿಗೆ ಹಾಕ್ತು. ಇಂಜಿನ್ ಮೇಸ್ತ್ರಿ ಇನ್ನೂ ನಗ್ತಿದಾನೆ.

ಬಲೆ ನೋಡಿದೀಯಾ? ಕಣ್ಣು ಎಷ್ಟು ಸಣ್ಣ ಅಂದ್ರೆ ಸೊಳ್ಳೆ ಪರದೆ ನಾಚಬೇಕು. ಗಾಳಿ ಆದ್ಮೇಲೆ ಮರಿ ಬೆಳೆಯೋವರೆಗೂ ಹಿನ್ನೀರಿಗೆ ಬಲೆ ಇಳಿಸಲ್ಲ ನಾವು. ಈಗ ಕೈಗೆ ಬಂದಿದೆ, ಇಳಿಸ್ತಿದಾರೆ. ಮೀನು ಮಾರೋ ಬುಟ್ಟಿಯಕ್ಕ ನಿನ್ನೆ ಬುಟ್ಟಿ ತೆರೆದು ತೋರಿಸಿದಳು. ಬೆರಳಿನಷ್ಟಿರೋ ಮರಿಗಳು, ಕಣ್ಣು ಬಿಟ್ಕೊಂಡು. "ಇದನ್ನ ಮಾರೋದೋ, ಶಾಲೆಗೆ ಕಳಿಸೋದೋ" ಅಂದಳು.

ಅದೂ ಹೋಗ್ಲಿ. ಮೊನ್ನೆ ಅಗೆಯೋ ಯಂತ್ರ ಬಂತು. ಅವಶೇಷ ತೆರವು ಅಂತೆ. ಅವರ ಪ್ರಕಾರ ನಮ್ಮ ದೋಣಿಗಳು ಅವಶೇಷ. ಅವನ್ನ ಹೊರಗೆಳೆಯೋಕೆ ದಾರಿ ಬೇಕು, ದಾರಿಗೆ ಕಾಡು ಅಡ್ಡ. ಕಡೀತಿದಾರೆ. ತೆರೆ ಬಂದು ಮಾಡದ ಕೆಲಸನ ತೆರವು ಬಂದು ಮಾಡ್ತಿದೆ. ನಾವು ಓಡಿಹೋಗಿ ದೋಣಿ ಬಿಚ್ಚಿ ಹೊರಗೆ ತಂದ್ವಿ, ನೋಡಿ ಸ್ವಾಮಿ, ಬದುಕಿದೆ, ತೇಲ್ತಿದೆ ಅಂದ್ವಿ. ಮೇಲ್ವಿಚಾರಕ ಕಾಗದ ನೋಡಿದ, ದೋಣಿ ನೋಡಿದ, ಮತ್ತೆ ಕಾಗದ ನೋಡಿದ. ಕಾಗದವನ್ನೇ ನಂಬಿದ. ಉತ್ತರದ ಕಡೆ ಚಿಗುರ್ತಿದ್ದ ಮರಗಳನ್ನ ಬೇರುಸಮೇತ ಎತ್ತಿ ಗುಡ್ಡೆ ಹಾಕಿದಾರೆ. ಅಲ್ಲಿ ಕಾಂಕ್ರೀಟಿನ ದೋಣಿ ತಂಗುದಾಣ ಕಟ್ತಾರಂತೆ.

ಆ ಹದ್ದಿನ ಫೋಟೋ ನೋಡಿ ನಾಶ ಅಂತ ಬರೆದ ಮಹಾಶಯ ಯಾರು ಪತ್ತೆ ಮಾಡು. ದೋಣಿಯನ್ನ ಕ್ಯಾಲೆಂಡರಲ್ಲಿ ಮಾತ್ರ ನೋಡಿರಬೇಕು ಅವನು. ಕಿವಿ ಹಿಂಡಿ ಇಲ್ಲಿಗೆ ಕಳಿಸು. ನಾನೇನೂ ಮಾಡಲ್ಲ, ಆ ಬಿಳೀ ದೋಣಿಯಲ್ಲಿ ಕೂರಿಸ್ತೀನಿ ಅಷ್ಟೆ.

ಮಾವ

*

ಜುಲೈ 8

ಪ್ರೀತಿಯ ಮಾವನಿಗೆ,

ತಡವಾಯ್ತು, ಕ್ಷಮಿಸಿ. ಕೆಲಸ ತಲೆ ಮೇಲೆ ಕೂತಿದೆ.

ನಿಮ್ಮ ಸಿಟ್ಟು ಅರ್ಥ ಆಗುತ್ತೆ. ಆದ್ರೆ ಫೋಟೋ ನೋಡಿದವರನ್ನೇ ಬೈದು ಪ್ರಯೋಜನ ಇಲ್ಲ. ಮೇಲಿಂದ ಅದು ಹಾಗೇ ಕಾಣುತ್ತೆ. ನಾಶವಾದ ದೋಣಿ ಅಂತ ಒಂದು ಕಡೆ ಬರೆದರೆ, ಅವಶೇಷ ತೆರವು ತಾನಾಗೇ ಹಿಂದಿನಿಂದ ಬರುತ್ತೆ. ಅದು ಬೇರೆ ವಿಭಾಗ. ಮರಗಳನ್ನ ಬೇರೆ ಕಡೆ ನೆಡ್ತಾರೆ, ಯೋಜನೆಯಲ್ಲಿ ಅದೂ ಇದೆ. ತಂಗುದಾಣವೂ ಗಟ್ಟಿಯಾಗಿರುತ್ತೆ.

ಇನ್ನೊಂದು ಕಡೆಯಿಂದ ಯೋಚನೆ ಮಾಡಿ ಮಾವ. ತಗಡು ಬಂತು. ಪೈಪು ಬಂತು ಅಂತ ಕೇಳಿದೆ. ಹಳೇ ದೋಣಿಗಳೂ ಇವೆ, ಹೊಸವೂ ಬಂದವು. ಅಷ್ಟು ಕೆಟ್ಟದ್ದಾ ಇದು? ಯಾರೇ ಬರೆದಿರಲಿ, ಊರಿಗೆ ಒಳ್ಳೇದಾಗಲಿ ಅಂತಲೇ ಬರೆದಿರಬಹುದಲ್ಲ.

ಅತ್ತೆಯ ಮೊಣಕಾಲು ಹೇಗಿದೆ?

ಮುಳ್ಳಿ

*

ಜುಲೈ 19

ಮಾನ್ಯ ಅಧಿಕಾರಿಗಳಿಗೆ,

ತಮ್ಮ ಜುಲೈ 8ರ ಕಾಗದ ತಲುಪಿತು. ನಾನು ನಿಧಾನವಾಗಿ ಓದೋನು, ಕನ್ನಡಕದ ಒಂದು ಕಡ್ಡಿ ಗಾಳಿಗೆ ಹೋಗಿದೆ. ಆದ್ರೂ ಓದಿದೆ.

ತಾವು ಮಹಾಶಯನನ್ನ ಹುಡುಕೋ ತೊಂದರೆ ತಗೊಳ್ಳೋದು ಬೇಡ. ಸಿಕ್ಕಿದಾರೆ. ದೋಣಿ ಒಂದೂ ಹೋಗಿಲ್ಲ ಅಂತ ನಾನೇ ಮೇ ತಿಂಗಳಲ್ಲಿ ತಮಗೆ ಬರೆದಿದ್ದೆ. ಯೋಜನೆ ಬರೆಯೋರು ತಾವೇ ಅಂತ ಜೂನಲ್ಲಿ ತಾವೇ ತಿಳಿಸಿದ್ರಿ, ಜೊತೆಗೆ ಸುಮ್ಮನಿರಿ ಅಂದ್ರಿ. ಸುಮ್ಮನಿದ್ದೆ. ಎಪ್ಪತ್ತು ವರ್ಷ ಊರಿಗೆಲ್ಲ ಟೋಪಿ ಹಾಕಿದವನಿಗೆ ನೀವು ಇಷ್ಟು ಚೆನ್ನಾಗಿ ಟೋಪಿ ಹಾಕಿದ್ರಲ್ಲ, ಗುರುವಿಗೆ ಕೀರ್ತಿ ತಂದ್ರಿ.

ಗೊತ್ತಿಲ್ಲದವನು ಕಡಿದ್ರೆ ಬೈದು ಬುದ್ಧಿ ಹೇಳಬಹುದು. ತಮಗೆ ಗೊತ್ತಿತ್ತು. ಆ ಮರಗಳ ಬೇರಿನ ಮೇಲೆ ಕೂತು ಏಡಿ ಹಿಡಿದು ಬೆಳೆದವರು ತಾವು. ಫೋಟೋದಲ್ಲಿ ನಮ್ಮ ದೋಣಿಗಳನ್ನ ನೋಡಿದಾಗ ಹಗ್ಗ ಕಂಡಿರಬೇಕು. ಒಂದು ಗಂಟು ನಿಮ್ಮ ಮನೆಯದ್ದು ಅಂತಲೂ ಕಂಡಿರಬೇಕು. ಕಂಡೂ, ಸತ್ತಿದೆ ಅಂತ ಬರೆದ್ರಿ.

ಬೇರೆ ಕಡೆ ನೆಡ್ತಾರಾ? ಎಲ್ಲಿ, ತಮ್ಮ ಕಚೇರಿಯ ಕುಂಡದಲ್ಲಾ? ಅಲೆ ಬರೋದು ಇಲ್ಲಿ. ಮೀನು ಮರಿ ಹಾಕೋದು ಇಲ್ಲಿ. ಕಾಂಕ್ರೀಟಿಗೆ ದೋಣಿ ಕಟ್ಟಿದ್ರೆ ಗಾಳಿ ಎರಡನ್ನೂ ಢೀ ಹೊಡೆಸಿ ಚೂರು ಮಾಡುತ್ತೆ. ಮರ ಹಾಗಲ್ಲ, ಬಾಗುತ್ತೆ. ಬಾಗೋದು ಗೊತ್ತಿರೋದಕ್ಕೆ ಕಟ್ಟಬೇಕು. ಇದನ್ನ ನಿಮಗೆ ನಾನು ಹೇಳೋದಾ? ಥೂ.

ತಮ್ಮ ಅವಗಾಹನೆಗೆ: ನಾವು ಬಿಸಿಲಿರೋವಾಗಲೇ, ಎಲೆ ಅಲ್ಲಾಡದ ಹೊತ್ತಲ್ಲಿ, ಉಳಿದಿರೋ ಕಾಡಿನ ಅಂಚಿನುದ್ದಕ್ಕೂ ದೋಣಿಗಳನ್ನ ಮತ್ತೆ ಕಟ್ಟಿದೀವಿ. ಯಂತ್ರದವರು ಮುಂದೆ ಬರಬೇಕಾದ್ರೆ ಅವನ್ನ ಮುರಿದು ಬರಬೇಕು. ಅವರ ಹತ್ರ ಅನುಮತಿ ಇದೆ, ತಾವೇ ಕೊಟ್ಟಿದ್ದು. ಸತ್ತಿದ್ದನ್ನ ಕೊಂದ್ರೆ ಯಾರಿಗೆ ಏನು ನಷ್ಟ?

ತಮ್ಮ ಕಾಗದದಲ್ಲಿ ಸತ್ತ ದೋಣಿಯ, ಇನ್ನೂ ಸಾಯದ ಮಾಲೀಕ

(ಹಿಂದಿನ ಮಗ್ಗುಲಲ್ಲಿ, ಬೇರೆ ಕೈಬರಹ)

ಪುಟ್ಟಾ, ನಾನು ಅತ್ತೆ. ಅಂಚೆಗೆ ಹಾಕೋಕೆ ನನ್ನ ಕೈಗೆ ಕೊಟ್ಟಿದಾರೆ, ಅದಕ್ಕೇ ಬರೀತಿದೀನಿ. ಊರವರ ದೋಣಿ ಎಲ್ಲ ಕಟ್ಟಿಯಾಗಿದೆ, ನಮ್ಮದೊಂದೇ ಸಡಿಲ. ನಿಮ್ಮ ಮನೆ ಪರವಾಗಿ ನಾನು ಹಾಕ್ತೀನಿ ಅಂದ್ರೆ ಕೈ ಹಿಡಿದು ನಿಲ್ಲಿಸಿದ್ರು. ಆ ಮನೆಗೂ ನಮಗೂ ಏನು ಸಂಬಂಧ ಅಂದ್ರು. ಆಮೇಲೆ ಶೆಡ್ಡಿನಲ್ಲಿ ಹೋಗಿ ಕೂತ್ರು. ಮೂರು ದಿನದಿಂದ ಯಾರಿಗೂ ಒಂದು ಚೇಷ್ಟೆ ಮಾಡಿಲ್ಲ. ಇಂಜಿನ್ ಮೇಸ್ತ್ರಿಯೇ ಬಂದು, ಮಾವನಿಗೆ ಹುಷಾರಿಲ್ವಾ ಅಂತ ಕೇಳಿಹೋದ. ನಾನು ಬರೆದೆ ಅಂತ ಅವರಿಗೆ ಗೊತ್ತಾಗೋದು ಬೇಡ.

*

ಜುಲೈ 30

ಮಾವ,

ಹೌದು. ನಾನೇ. ಫೋಟೋ ನೋಡಿದೆ, ಹಗ್ಗ ಕಂಡಿತು. ದೊಡ್ಡದು ಮಾಡಿ ನೋಡಿದೆ, ನಿಮ್ಮ ದೋಣಿಯ ಹಸಿರು ಬಣ್ಣ ಕಂಡಿತು. ಕಂಡ ಮೇಲೆಯೇ ನಾಶ ಅಂತ ಬರೆದೆ.

ಈಗ ನನ್ನ ಮಾತನ್ನೂ ಕೇಳಿ. ನೀವೊಬ್ಬರೇ ಸಿಟ್ಟು ಮಾಡೋಕೆ ಹುಟ್ಟಿದವರಲ್ಲ.

ನಾನು ಕಾಲೇಜಿನಲ್ಲಿದ್ದಾಗ ಬಂದ ಗಾಳಿ ನೆನಪಿದೆಯಾ? ಆಗಲೂ ಕೂಡುಗಂಟು ಹಾಕಿದ್ರಿ, ಆಗಲೂ ಒಂದೂ ದೋಣಿ ಹೋಗಲಿಲ್ಲ. ಪಕ್ಕದ ದಡದವರು ಎಲ್ಲ ಕಳ್ಕೊಂಡ್ರು, ಅವರಿಗೆ ಮನೆ ಬಂತು, ನೀರು ಬಂತು. ನಮ್ಮ ಊರಿನ ಹೆಸರಿನ ಮುಂದೆ ಯಾರೋ "ನಷ್ಟ ಇಲ್ಲ" ಅಂತ ಬರೆದು ಮುಂದೆ ಹೋದ್ರು. ಅಮ್ಮ ಎರಡು ಮಳೆಗಾಲ ಟಾರ್ಪಾಲಿನ ಕೆಳಗೆ ಮಲಗಿದಳು. ಆಗ ಹಿಡಿದ ಕೆಮ್ಮು ಅವಳನ್ನ ಬಿಟ್ಟು ಹೋಗಲೇ ಇಲ್ಲ, ಅವಳೇ ಹೋದಳು. ನೀವೇ ಹೆಗಲು ಕೊಟ್ರಿ.

ಈ ಕಚೇರಿಗೆ ಬಂದ ಮೇಲೆ ನನಗೆ ಅರ್ಥವಾಗಿದ್ದು ಅದೊಂದೇ. ಇಲ್ಲಿ ಮುರಿದವರಿಗೆ ಮಾತ್ರ ಕೊಡ್ತಾರೆ. ಮುರಿಯದ ಹಾಗೆ ನೋಡಿಕೊಂಡವರಿಗೆ ಏನೂ ಇಲ್ಲ, ಭೇಷ್ ಅನ್ನೋ ಮಾತೂ ಇಲ್ಲ. ಅದಕ್ಕೇ ಈ ಸಲ ನಾನೇ ನಿಮ್ಮನ್ನ ಮುರಿದೆ. ಕಾಗದದಲ್ಲಿ ಮಾತ್ರ ಅಂದ್ಕೊಂಡೆ. ಅದರ ಹಿಂದೆ ಯಂತ್ರ ಬರುತ್ತೆ, ಅದು ಕಾಡಿಗೆ ಕೈಹಾಕುತ್ತೆ ಅಂತ ನನಗೆ ಹೊಳೀಲಿಲ್ಲ. ಹೊಳೆಯಬೇಕಿತ್ತು.

ಈಗ ನಿಲ್ಲಿಸೋಕೆ ಒಂದೇ ದಾರಿ. ದೋಣಿಗಳು ಮುರಿದೇ ಇರಲಿಲ್ಲ ಅಂತ ನಾನು ಬರೆದುಕೊಡಬೇಕು. ಬರೆದರೆ ಹೊಸ ದೋಣಿ ವಾಪಸ್ ಹೋಗುತ್ತೆ. ತಗಡು, ಪೈಪನ್ನೂ ಕೇಳಬಹುದು. ನನ್ನ ಕೆಲಸ ಖಂಡಿತ ಹೋಗುತ್ತೆ, ಅದನ್ನ ಬಿಡಿ. ಆದ್ರೆ ನಾನೊಬ್ಬಳೇ ತೀರ್ಮಾನ ಮಾಡಿ ಊರಿನವರ ಕೈಯಿಂದ ಕಿತ್ಕೊಳ್ಳಲ್ಲ. ನೀವೇ ಎಲ್ಲರನ್ನೂ ಕೂರಿಸಿ ಕೇಳಿ. ಬೇಡ ಅಂದ್ರೆ ಬರೆಯಲ್ಲ. ಬರಿ ಅಂದ್ರೆ ಬರೀತೀನಿ.

ನಿಮ್ಮ ದೋಣಿಯನ್ನ ದಯವಿಟ್ಟು ಕಟ್ಟಿಸಿ. ಅದು ಸಡಿಲ ಇದೆ ಅಂತ ನನಗೆ ಹೇಗೆ ಗೊತ್ತಾಯ್ತು ಅಂತ ಕೇಳಬೇಡಿ. ಅತ್ತೆ ಏನೂ ಬರೆದಿಲ್ಲ.

ಮುಳ್ಳಿ

*

ಆಗಸ್ಟ್ 14

ಕಚೇರಿಯವರಿಗೆ,

ಮೊದಲು ಒಂದು ಮಾತು. ನಿನ್ನಮ್ಮನನ್ನ ಎದುರಿಗೆ ತಂದು ನಿಲ್ಲಿಸಿ ನನ್ನ ಬಾಯಿ ಮುಚ್ಚಿಸಬೇಡ. ನಿನಗೆ ಅಮ್ಮ ಆಗೋಕೆ ಮುಂಚೆ ಅವಳು ನನಗೆ ಅಕ್ಕ. ಆ ಟಾರ್ಪಾಲಿಗೆ ಹಗ್ಗ ಬಿಗಿದವನು ನಾನು. ಗಾಳಿ ಬಂದಾಗೆಲ್ಲ ಅದು ಹೊಡೆದುಕೊಳ್ಳೋ ಸದ್ದು ನನಗೆ ಇವತ್ತಿಗೂ ಕೇಳುತ್ತೆ. ನಿನ್ನ ಕಾಗದ ಓದಿ ನನ್ನ ಸಿಟ್ಟು ಕಮ್ಮಿ ಆಗಿಲ್ಲ. ಎರಡು ಪಾಲಾಗಿದೆ. ಒಂದು ಪಾಲು ನಿನಗೆ, ಇನ್ನೊಂದು ನೀನು ಕೂತಿರೋ ಕುರ್ಚಿಗೆ. ಚೆನ್ನಾಗಿ ಇಟ್ಕೊಂಡವನಿಗೆ ಏನೂ ಇಲ್ಲ, ಒಡೆದುಕೊಂಡು ಬಂದವನಿಗೆ ಹಾರ. ಇದನ್ನ ಪರಿಹಾರ ಅಂತ ಕರೆದವನು ನನಗಿಂತ ದೊಡ್ಡ ಚೇಷ್ಟೆಗಾರ.

ಊರನ್ನ ಕೂರಿಸಿದೆ. ಮೀನು ಹರಾಜಿನ ಕಟ್ಟೆ ಮೇಲೆ, ಮಧ್ಯಾಹ್ನ. ನಿನ್ನ ಹೆಸರು ಹೇಳಿದೆ. ಮುಚ್ಚಿಡಲಿಲ್ಲ. ಎಲ್ಲರೂ ಒಟ್ಟಿಗೆ ಬೈಯೋಕೆ ಶುರು ಮಾಡಿದ್ರು. ಬೈಗುಳಗಳಲ್ಲಿ ಕೆಲವು ಹೊಸವು, ಬರೆದಿಟ್ಟುಕೊಳ್ಳೋ ಹಾಗಿದ್ವು. ಇಂಜಿನ್ ಮೇಸ್ತ್ರಿ ಎದ್ದು, ನಾನು ಹೊಸ ದೋಣಿ ಕೊಡಲ್ಲ ಅಂದ. ನನಗೆ ಮೂರು ಚಿಕ್ಕ ಮಕ್ಕಳು, ಹಳೇ ದೋಣಿಯ ತಳ ಎಷ್ಟು ವರ್ಷ ಬರುತ್ತೆ, ಬಂದಿದ್ದನ್ನ ವಾಪಸ್ ಕೊಡೋಕೆ ನಾನೇನು ಹುಚ್ಚನಾ ಅಂದ. ತಪ್ಪೇನೂ ಮಾತಾಡಲಿಲ್ಲ ಅವನು. ಅದೇ ಕಷ್ಟ.

ಬುಟ್ಟಿಯಕ್ಕ ಏನೂ ವಾದ ಮಾಡಲಿಲ್ಲ. ಆವತ್ತಿನ ಬುಟ್ಟಿ ತಂದು ಅವನ ಕಾಲ ಹತ್ರ ಮಗುಚಿದಳು. ಬಿದ್ದಿದ್ದು ಒಂದು ಹಿಡಿ ಮರಿ. "ಇವತ್ತು ಹಿನ್ನೀರಲ್ಲಿ ಸಿಕ್ಕಿದ್ದು ಇಷ್ಟೇ. ನಾಳೆ ಇಷ್ಟೂ ಇಲ್ಲ. ನಿನ್ನ ಬಿಳೀ ದೋಣಿ ತಗೊಂಡು ಯಾವ ಮೀನು ಹಿಡೀತೀಯಪ್ಪ?"

ಸಂಜೆವರೆಗೂ ಕೂಗಾಡಿ, ಕೊನೆಗೆ ಬಹಳ ಜನ ವಾಪಸ್ ಕೊಡೋಣ ಅಂದ್ರು. ಮೇಸ್ತ್ರಿ ಎದ್ದುಹೋದ. ಮಾತು ಬಿಟ್ಟಿದಾನೆ. ನನ್ನ ಚಾವಣಿಯನ್ನೂ ಇನ್ನೂ ಬಿಟ್ಟಿಲ್ಲ.

ವಾಪಸ್ ಹೇಗೆ ಕೊಟ್ವಿ ಕೇಳು. ಕೊಡ್ತೀವಿ ಅಂದವರ ಬಿಳೀ ದೋಣಿಗಳನ್ನೆಲ್ಲ ಹೊತ್ಕೊಂಡು ಹೋಗಿ ಆ ಅಗೆಯೋ ಯಂತ್ರದ ಸುತ್ತ ನಿಲ್ಲಿಸಿ, ಅದರ ಕೈಕಾಲಿಗೆ ಸೇರಿಸಿ ಕೂಡುಗಂಟು ಹಾಕಿದ್ವಿ. ಒಬ್ಬೊಬ್ಬರ ಗಂಟು ಇನ್ನೊಬ್ಬರ ಕೈಯದು. ಬಿಚ್ಚಬೇಕಾದ್ರೆ ಇಡೀ ಊರು ಬರಬೇಕು, ಊರಿಗೆ ಪುರುಸೊತ್ತಿಲ್ಲ. ಮೇಲ್ವಿಚಾರಕ ಕತ್ತರಿಸ್ತೀನಿ ಅಂದ. ಕತ್ತರಿಸಿ ಸ್ವಾಮಿ, ಸರ್ಕಾರಿ ದೋಣಿಯ ಸರ್ಕಾರಿ ಹಗ್ಗ ಅಂದೆ. ಕೈ ಹಿಂದೆ ತಗೊಂಡ. ಯಂತ್ರದ ಡ್ರೈವರ್ ಒಳ್ಳೇ ಮನುಷ್ಯ. ಕೆಲಸ ನಿಂತಿದ್ದಕ್ಕೆ ನಮಗಿಂತ ಅವನಿಗೇ ಖುಷಿ, ನಿನ್ನ ಅತ್ತೆ ಹತ್ರ ಗಂಟು ಕಲೀತಿದಾನೆ.

ಬರಿ ಮುಳ್ಳಿ. ಮುರಿದಿರಲಿಲ್ಲ ಅಂತ ಬರಿ. ತಗಡು, ಪೈಪು ವಾಪಸ್ ಕೊಡಲ್ಲ ಅಂತಲೂ ಬರಿ. ಸೂರು ಹಾರಿದ್ದು ಸುಳ್ಳಲ್ಲ, ಬಾವಿಗೆ ಉಪ್ಪು ಬಂದಿದ್ದು ಸುಳ್ಳಲ್ಲ. ನೀರು ಕುಡಿಯೋಕೆ ದೋಣಿ ಯಾಕೆ ಒಡೀಬೇಕು ಅಂತ ಕೇಳಿ ಬರಿ. ಬೇಗ ಬರಿ. ಹಗ್ಗ ಎಷ್ಟು ದಿನ ತಡೆಯುತ್ತೋ.

ನನ್ನ ದೋಣಿಗೆ ನಿನ್ನ ಅತ್ತೆ ನಿನ್ನೆ ಗಂಟು ಹಾಕಿದಳು. ನಾನು ನೋಡದ ಹಾಗೆ ಬೇರೆ ಕಡೆ ತಿರುಗಿ ನಿಂತಿದ್ದೆ.

ಮಾವ

*

ಸೆಪ್ಟೆಂಬರ್ 2

ಮಾವ,

ಬರೆದೆ. "ಈ ಊರಿನ ದೋಣಿಗಳು ನಾಶವಾಗಿರಲಿಲ್ಲ. ಅವನ್ನು ಜನ ಕಾಡಿನೊಳಗೆ ಕಟ್ಟಿದ್ದರು. ಕಾಡು ಅವನ್ನು ಉಳಿಸಿತು. ಇದು ತಿಳಿದೂ ನಾನು ಬೇರೆ ಬರೆದೆ. ತೆರವು ಕೆಲಸ ಕೂಡಲೇ ನಿಲ್ಲಬೇಕು." ತಗಡು, ನೀರಿನ ಮಾತನ್ನೂ ಬರೆದೆ. ಏನೂ ಮುಚ್ಚಿಡದೆ ಬರೆದೆ, ನೀವು ಒಪ್ಪೋ ಹಾಗೆ.

ಯಾರೂ ಕೂಗಾಡಲಿಲ್ಲ. ನೀವು ಬೈದ ಹಾಗೆ ಯಾರಾದರೂ ಬೈದಿದ್ರೆ ಚೆನ್ನಾಗಿತ್ತು. ನನ್ನ ಮೇಲಿನವರು ಓದಿ, ಕನ್ನಡಕ ತೆಗೆದು ಒರೆಸಿ, "ಇಷ್ಟೊಂದು ಸತ್ಯ ಯಾಕೆ ಬೇಕಿತ್ತು" ಅಂದ್ರು ಅಷ್ಟೆ. ಕೆಲಸಕ್ಕೆ ತಡೆ ಬಂದಿದೆ. ವಿಚಾರಣೆ ಮುಗಿಯೋವರೆಗೆ ಯಂತ್ರ ಅಲ್ಲಾಡಲ್ಲ. ಹೊಸ ದೋಣಿಗಳನ್ನ ಒಯ್ತಾರೆ, ಬಲೆಗಳನ್ನೂ. ನನ್ನನ್ನ ಮನೆಯಲ್ಲಿ ಕೂರಿಸಿದಾರೆ. ಮೇಜು ಖಾಲಿ ಮಾಡುವಾಗ ನಿಮ್ಮ ಕಾಗದಗಳು ಮಾತ್ರ ನನ್ನವು ಅಂತ ಗೊತ್ತಾಯ್ತು.

ಅರ್ಧ ಕಾಡು ಉಳಿದಿದೆ ಅಲ್ವಾ? ಎಲ್ಲ ದೋಣಿಗೂ ಜಾಗ ಸಾಲುತ್ತಾ? ಈ ಸಲ ಅಕ್ಟೋಬರಲ್ಲೇ ಗಾಳಿ ಏಳಬಹುದು ಅಂತ ಹವಾಮಾನದವರು ಹೇಳ್ತಿದಾರೆ. ಮುಂಚೆಯೇ ಕಟ್ಟಿಬಿಡಿ.

ಊರಿಗೆ ಬಾ ಅಂತ ನೀವು ಬರೆದಿಲ್ಲ. ನಾನೂ ಕೇಳಿಲ್ಲ.

ಮುಳ್ಳಿ

*

ಅಕ್ಟೋಬರ್ 27

ಮುಳ್ಳಿ,

ಬದುಕಿದೀನಿ. ಈ ಸಲ ಇದನ್ನ ತಮಾಷೆಗೆ ಬರೀತಿಲ್ಲ.

ಗಾಳಿ ಅವರು ಹೇಳಿದ ದಿನಕ್ಕೂ ಮುಂಚೆ ಬಂತು. ಕಾಡು ಇದ್ದ ಕಡೆ ಕಟ್ಟಿದ ದೋಣಿಗಳಿಗೆ ಒಂದು ಗೀರೂ ಬಿದ್ದಿಲ್ಲ. ಜಾಗ ಸಾಲದೆ ಕಡಿದ ಕಡೆ ನಿಂತವು ಪುಡಿಯಾದವು. ಅಲೆ ಆ ಬೋಳು ದಾರಿಯಲ್ಲೇ ಊರೊಳಗೆ ಬಂತು, ನಾವೇ ರಸ್ತೆ ಹಾಕಿ ಕರೆದ ಹಾಗೆ. ಬುಟ್ಟಿಯಕ್ಕನ ಮನೆಯ ಒಂದು ಗೋಡೆ ಇಲ್ಲ. ಅಡುಗೆಮನೆಯಲ್ಲಿ ಕೂತು ಸಮುದ್ರ ನೋಡಬಹುದು, ಬಾ ಅಂತಾಳೆ.

ನನ್ನ ದೋಣಿಯೂ ಹೋಯ್ತು. ನನ್ನ ಮುಖ ನೋಡಿ ನೋಡಿ ಬೇಜಾರಾಗಿತ್ತು ಅದಕ್ಕೆ, ಬಿಚ್ಕೊಂಡು ಹೊರಟುಹೋಯ್ತು. ಒಂದು ಹಲಗೆ ಸಿಕ್ಕಿದೆ, ಹಸಿರು.

ಈಗ ಬಂದು ನಗು. ಸರ್ವೆಯವನು ಮೊನ್ನೆ ಬಂದ, ಹೊಸಬ, ಶರ್ಟಿನ ಇಸ್ತ್ರಿ ಇನ್ನೂ ಬಿಸಿಯಿತ್ತು. ನಾವು ದೋಣಿ ಕಳ್ಕೊಂಡವರೆಲ್ಲ ಸಾಲಾಗಿ ನಿಂತ್ವಿ. ಈ ಸಲ ಸುಳ್ಳಿಲ್ಲ, ಚೂರುಗಳನ್ನ ಎದುರಿಗೇ ಇಟ್ಟಿದ್ವಿ. ಅವನು ತನ್ನ ಕಾಗದ ನೋಡಿ, ಈ ದೋಣಿಗಳು ಮೇ ತಿಂಗಳಲ್ಲೇ ನಾಶವಾಗಿವೆಯಲ್ಲ ಅಂದ. ಆಗಿರಲಿಲ್ಲ, ತಿದ್ದುಪಡಿ ಬರೆದಿದಾರೆ ಅಂದೆ. ಅದು ವಿಚಾರಣೆಯಲ್ಲಿದೆ, ಅಲ್ಲಿವರೆಗೆ ಹಳೇದೇ ಊರ್ಜಿತ ಅಂದ. ಹಾಗಾದ್ರೆ ಈಗ ಎದುರಿಗೆ ಬಿದ್ದಿರೋದು ಏನು ಅಂತ ಕೇಳಿದೆ. "ಅಜ್ಜ, ಒಂದು ದೋಣಿ ಎರಡು ಸಲ ನಾಶ ಆಗೋಕೆ ಬರಲ್ಲ" ಅಂದ. ಬಹಳ ಮರ್ಯಾದೆಯಿಂದ ಹೇಳಿದ.

ನಾನು ಜೀವನದಲ್ಲಿ ಎಷ್ಟೋ ಜನಕ್ಕೆ ಚೇಷ್ಟೆ ಮಾಡಿದೀನಿ. ಇಂಥ ಒಂದು ಚೇಷ್ಟೆ ನನಗೆ ಹೊಳೆದಿರಲಿಲ್ಲ. ಆ ಹಸಿರು ಹಲಗೆ ಎತ್ತಿ ಅವನ ಕಾಗದದ ಮೇಲೆ ಇಟ್ಟೆ. ಒದ್ದೆ ಹಲಗೆ. ಅಕ್ಷರ ಎಲ್ಲ ಕದಡಿ ನೀಲಿ ನೀರಾಯ್ತು. ತಿದ್ದುಪಡಿ ಅಂದೆ.

ಹಿನ್ನೀರಿನ ಕಾಡಿನ ಮರದ ಬೀಜ ದಡಕ್ಕೆ ಬಂದು ಬಿದ್ದಿವೆ, ಪೆನ್ಸಿಲಿನ ಥರ ಉದ್ದ. ಬೋಳಾದ ಕಡೆ ಕೆಸರಿಗೆ ಚುಚ್ತಾ ಇದೀವಿ. ಅದಕ್ಕೂ ನಮ್ಮದೇ ನಿಯಮ ಮಾಡಿದೀವಿ, ಒಬ್ಬರ ಸಾಲನ್ನ ಪಕ್ಕದ ಮನೆಯವರು ನೋಡ್ಕೋಬೇಕು, ಸತ್ರೆ ಅವರೇ ಜವಾಬ್ದಾರಿ. ಇಂಜಿನ್ ಮೇಸ್ತ್ರಿಯೂ ಬಂದು ಚುಚ್ಚಿದ. ಆಮೇಲೆ ಚಾವಣಿಯನ್ನ ತಾನೇ ಹೊತ್ತು ತಂದು ಶೆಡ್ಡಿಗೆ ಹಾಕಿಹೋದ. ನನಗೆ ಗಾಬರಿಯಾಯ್ತು.

ನಿಮ್ಮ ಮನೆಗೆ ಬರೋ ಸಾಲು ಖಾಲಿ ಇದೆ. ನಾನು ಚುಚ್ಚಲ್ಲ. ನಿನ್ನ ಮೇಲಿನ ಸಿಟ್ಟು ಮುಗಿದಿಲ್ಲ, ಕಾಗದದಲ್ಲಿ ಬೈದು ಬೈದು ಕೈ ನೋಯ್ತಿದೆ. ಎದುರಿಗೆ ನಿಲ್ಲಿಸಿ ಬೈಯೋದು ಬಾಕಿ ಇದೆ. ಕಚೇರಿಯ ವಿಚಾರಣೆ ಯಾವಾಗ ಮುಗಿಯುತ್ತೋ, ನನ್ನದನ್ನ ಮೊದಲು ಮುಗಿಸ್ಕೋ.

ಮಾವ

(ಹಿಂದಿನ ಮಗ್ಗುಲಲ್ಲಿ)

ಪುಟ್ಟಾ, ದೋಣಿ ತಾನೇ ಬಿಚ್ಕೊಂಡು ಹೋಯ್ತು ಅಂತ ಬರೆದಿದಾರೆ. ನಾನು ಹಾಕಿದ ಗಂಟು ತಾನಾಗೇ ಬಿಚ್ಚಲ್ಲ.

ಗಾಳಿ ಬರೋ ಸಂಜೆ ಕಾಡಲ್ಲಿ ಜಾಗ ಉಳಿದಿರಲಿಲ್ಲ. ಮೇಸ್ತ್ರಿ ಕೊನೆಗೆ ಬಂದ, ಅವನ ದೋಣಿ ಕಡಿದ ಕಡೆ ನಿಂತಿತ್ತು. ಹಗ್ಗ ಹಿಡ್ಕೊಂಡು ನಮ್ಮ ದೋಣಿ ಹತ್ರ ನಿಂತ. ನಿನ್ನ ಮಾವ ಅವನನ್ನ ನೋಡಿದ್ರು, ಆಮೇಲೆ ನನ್ನ ಕಡೆ ತಿರುಗಿ "ಬಿಚ್ಚೇ" ಅಂದ್ರು. ಅಷ್ಟೇ ಅಂದಿದ್ದು. ಕಟ್ಟಿದ ಕೈಯೇ ಬಿಚ್ಚಬೇಕಲ್ಲ. ಬಿಚ್ಚಿದೆ, ನಿಮ್ಮ ಮನೆಯ ಪರವಾಗಿ. ಆ ಜಾಗದಲ್ಲಿ ಮೇಸ್ತ್ರಿಯ ದೋಣಿ ನಿಂತಿತು, ಈಗಲೂ ನಿಂತಿದೆ.

ಅವರು ಶೆಡ್ಡಿನಲ್ಲಿ ಹೊಸ ಹಲಗೆ ಅಳೀತಿದಾರೆ. ಹಳೇ ಹಸಿರು ಹಲಗೆಯನ್ನ ಒಳಗೆ ಎಲ್ಲಿ ಸೇರಿಸೋದು ಅಂತ ತಿರುಗಿಸಿ ತಿರುಗಿಸಿ ನೋಡ್ತಿದಾರೆ. ದೋಣಿ ಎದ್ದು ನಿಲ್ಲುತ್ತೆ. ಅದಕ್ಕೆ ನಿಮ್ಮ ಮನೆಯ ಗಂಟು ಮಾತ್ರ ಇನ್ನು ನಾನು ಹಾಕಲ್ಲ. ನನ್ನ ಮೊಣಕಾಲು ಕೆಸರಿಗೆ ಇಳಿಯಲ್ಲ ಅಂತ ಅವರಿಗೆ ಹೇಳಿದೀನಿ. ಮೊಣಕಾಲು ಚೆನ್ನಾಗೇ ಇದೆ.